ಸಾಹೇಬ್ರಿಗೋಸ್ಕರ ಇನ್ನೊಂದು ಮೌನ

ಸ್ನೇಹಿತರೇ, ತಲೆ ಇನ್ನೂ ಬಿಸಿಯಾಗೇ ಇದೆ. ಪರೀಕ್ಷೇಲಿ ಕಾಪಿ ಹೊಡೆಯೋಕೆ ಬಿಡಲಿಲ್ಲ ಅಂತ ಬೇರೆ ಊರಿನ ಹೈಸ್ಕೂಲಲ್ಲಿ ಇಬ್ಬರು ಮೇಷ್ಟ್ರನ್ನ ಗೂಂಡಾಗಳು ಶಾಲೆಯೊಳಗೇ ಕೊಂದುಹಾಕಿದ ಸುದ್ದಿ ನಿನ್ನೆ ಟ್ರಂಕ್ ಕಾಲಲ್ಲಿ ಬಂತು. ಇವತ್ತು ಸಂಜೆ ಜಯನಗರದ ನಮ್ಮ ಶಾಲೆ ಹಾಲಲ್ಲಿ ಸುತ್ತಮುತ್ತಲ ಟೀಚರುಗಳೆಲ್ಲ ಸೇರಿದ್ವಿ. ಎದೆಗೆ ಕಪ್ಪು ಬಟ್ಟೆ ಗುಂಡುಸೂಜಿಯಲ್ಲಿ ಚುಚ್ಚಿಕೊಂಡು, ಎದ್ದು ನಿಂತು ಮೌನ ಆಚರಿಸಿ, ಕಣ್ಣೊರೆಸಿಕೊಂಡು ಕೂತ್ವಿ.

ಅಷ್ಟರಲ್ಲಿ ಶಿಕ್ಷಣ ಇಲಾಖೆ ಸಾಹೇಬ್ರ ಜೀಪು ಬಂತು. ನಮ್ಮ ಸಂಘದ ಕಾರ್ಯದರ್ಶಿ ಓಡಿ ಬಂದು, "ಎಲ್ಲರೂ ಏಳಿ, ಇನ್ನೊಂದ್ಸಲ ಮೌನ" ಅಂದ್ರು.

"ಈಗ ತಾನೆ ಆಯ್ತಲ್ಲ ಸಾರ್?" ಅಂದೆ.

"ಸಾಹೇಬ್ರು ಬರೋಕೆ ಮುಂಚೆ ಮಾಡಿದ್ದು ಲೆಕ್ಕಕ್ಕಿಲ್ಲ ಮೇಡಂ."

ಮತ್ತೆ ಎದ್ದು ನಿಂತ್ವಿ, ಮತ್ತೆ ಕೂತ್ವಿ. ಆಮೇಲೆ ಸಾಹೇಬ್ರು ಮೈಕ್ ಹಿಡಿದು, "ಮೇಷ್ಟ್ರಾದವರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕು. ಯಾವನೋ ಕಾಪಿ ಹೊಡೆದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅಂದ್ರು.

ಬೆಳಗಿಂದ ಸಂಜೆವರೆಗೂ ಮಕ್ಕಳ ಮೇಲೆ ಅರಚೋ ಅಷ್ಟೂ ಗಂಟಲುಗಳು, ನಂದೂ ಸೇರಿ, ಒಂದು ಮಾತೂ ಆಡಲಿಲ್ಲ.

ಮೂರನೇ ಸಲದ ಮೌನಕ್ಕೆ ಮಾತ್ರ ಯಾರೂ ನಮ್ಮನ್ನ ಎಬ್ಬಿಸಬೇಕಾಗಲಿಲ್ಲ. ಕೂತಲ್ಲೇ ಆಚರಿಸಿದ್ವಿ.