ಗುಬ್ಬಿಯ ನಲವತ್ತೆರಡು ಡಬ್ಬಗಳು

ಸರ್ವಮಂಗಳಮ್ಮನವರು ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ಅಳೆದು ಹಾಕಿದ ಹಾಲನ್ನು ಅವನೆದುರಿಗೇ ತಮ್ಮ ಲೋಟದಲ್ಲಿ ಇನ್ನೊಮ್ಮೆ ಅಳೆಯುವರು. ಪೋಸ್ಟ್‌ಮ್ಯಾನ್ ಕೊಟ್ಟ ಕವರಿನ ಅಂಟನ್ನು ಬೆರಳಲ್ಲಿ ಮುಟ್ಟಿ, ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದ್ದಾರೋ ಎಂದು ನೋಡುವರು. ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ಕೈಮುಗಿದಾಗಲೂ ಮನಸ್ಸೆಲ್ಲ ಹೊರಗೆ ಬಿಟ್ಟ ಚಪ್ಪಲಿಯ ಮೇಲೆಯೇ. ಇಂಥ ಹೆಂಗಸು ಕಂಡವರ ಮನೆಯ ರಾಗಿಯನ್ನೇ ನೆಚ್ಚಿಕೊಂಡು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಲವತ್ತು ಹೆಣ್ಣುಮಕ್ಕಳ ಹಾಸ್ಟೆಲ್ಲನ್ನು ಹನ್ನೆರಡು ವರ್ಷ ನಡೆಸಿದರು.

ಅವರ ಅನುಮಾನಕ್ಕೆ ಕಾರಣ ಇಲ್ಲದೆ ಇರಲಿಲ್ಲ. ೧೯೯೦ರಲ್ಲಿ, ಹಾಸ್ಟೆಲ್ ಶುರುವಾದ ಹೊಸದರಲ್ಲಿ, ಸಮಿತಿಯ ದೊಡ್ಡ ಮನುಷ್ಯನೊಬ್ಬ ರಸೀದಿ ಪುಸ್ತಕ ಹಿಡಿದು ಊರೆಲ್ಲ ಕಟ್ಟಡ ನಿಧಿ ಎತ್ತಿ, ಪುಸ್ತಕದ ಸಮೇತ ಪರಾರಿಯಾಗಿದ್ದ. ಕೊಟ್ಟವರ ಹತ್ತಿರ ಉಗಿಸಿಕೊಳ್ಳಲು ಉಳಿದದ್ದು ಅಧ್ಯಕ್ಷೆ ಸರ್ವಮಂಗಳಮ್ಮ ಒಬ್ಬರೇ. ಅವತ್ತೇ ತೀರ್ಮಾನಿಸಿದರು, ಇನ್ನು ದುಡ್ಡಿನ ಸಹವಾಸ ಬೇಡ, ರಾಗಿ ಸಾಕು ಎಂದು.

ಅವರ ತವರು ಗುಬ್ಬಿ. ಮಠಕ್ಕೆಂದು ದಿನಾ ಒಂದು ಹಿಡಿ ಧಾನ್ಯ ಎತ್ತಿಡುವ ರೂಢಿ ಅಲ್ಲಿನ ಮನೆಗಳಲ್ಲಿ ಮೊದಲಿನಿಂದಲೂ ಇತ್ತು. ಅದೇ ರೂಢಿಯನ್ನು ಹಿಡಿದು, ತವರಿನ ಬೀದಿಯ ನಲವತ್ತೆರಡು ಮನೆಗಳಿಗೆ ಒಂದೊಂದು ಡಾಲ್ಡಾ ಡಬ್ಬ ಕೊಟ್ಟರು. ಮನೆಯಾಕೆ ದಿನಾ ಒಂದು ಹಿಡಿ ರಾಗಿ ತೆಗೆದು ಹಾಸ್ಟೆಲ್ ಮಕ್ಕಳಿಗೆಂದು ಡಬ್ಬಕ್ಕೆ ಹಾಕಬೇಕು. ತಿಂಗಳಿಗೊಮ್ಮೆ ಸರ್ವಮಂಗಳಮ್ಮನವರೇ ಬಸ್ಸಿನಲ್ಲಿ ಬಂದು ಎತ್ತಿಕೊಂಡು ಹೋಗುವರು.

ಎತ್ತುವ ರೀತಿ ಮಾತ್ರ ಯಾರಿಗೂ ಬೇಡ. ಬಾಗಿಲಲ್ಲೇ ಮುಚ್ಚಳ ತೆಗೆದು, ಡಬ್ಬದೊಳಗೆ ಬೆರಳು ಇಳಿಸಿ, "ಏನೇ, ಅರ್ಧ ಡಬ್ಬಾನೂ ಬಂದಿಲ್ವಲ್ಲ? ಪಕ್ಕದ ಮನೆಯವ್ರದು ನೋಡು ಹೋಗು" ಎಂದು ಬೀದಿಗೆಲ್ಲ ಕೇಳುವಂತೆ ಹೇಳುವರು. ನಾಚಿಕೆಗೆ ಹೆದರಿ ಜನ ಹಾಕುತ್ತಿದ್ದರು. ತಿಂಗಳಿಗೆ ಒಂದು ಮೂಟೆ ಆಗುತ್ತಿತ್ತು. ಹದಿನೈದು ದಿನ ರಾತ್ರಿ ಮಕ್ಕಳಿಗೆ ಮುದ್ದೆ, ಇನ್ನುಳಿದ ಹದಿನೈದು ದಿನ ಗಂಜಿ.

೨೦೦೨ರಲ್ಲಿ ಮಂಡಿ ನೋವು ಜೋರಾಗಿ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಒಲ್ಲದ ಮನಸ್ಸಿನಿಂದ ಕೆಲಸವನ್ನು ದೀಪಿಕಾಗೆ ಒಪ್ಪಿಸಿದರು. ದೀಪಿಕಾ ಕುಣಿಗಲ್ ಕಡೆಯ ಹುಡುಗಿ, ಇದೇ ಹಾಸ್ಟೆಲ್ಲಿನಲ್ಲಿ ಗಂಜಿ ಕುಡಿದು ಓದಿ ಈಗ ಇಲ್ಲೇ ವಾರ್ಡನ್ ಆಗಿದ್ದವಳು. ಮೂರನೇ ತಿಂಗಳಿಗೆ ಅವಳು ಗುಬ್ಬಿಯಿಂದ ಎರಡು ಮೂಟೆ ತಂದಳು. ತಿಂಗಳ ಮೂವತ್ತೂ ರಾತ್ರಿ ಮುದ್ದೆಯಾಯಿತು.

ಬೇರೆಯವರಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಸರ್ವಮಂಗಳಮ್ಮನವರಿಗೆ ನಿದ್ದೆ ಹತ್ತಲಿಲ್ಲ.

"ಹೆಂಗೇ ಎರಡಾಯ್ತು?" ಎಂದು ಕೇಳಿದರು.

"ನಾನು ಮುಚ್ಚಳ ತೆಗ್ದು ನೋಡಲ್ಲ ಅಮ್ಮ. ಅವ್ರು ಕೊಟ್ಟಿದ್ದನ್ನ ಹಂಗೇ ಚೀಲಕ್ಕೆ ಸುರ್ಕೊಂಡು, ಮಕ್ಕಳ ವಿಷ್ಯ ಎರಡು ಮಾತಾಡಿ ಬರ್ತೀನಿ. ಇಣುಕಿದ್ರೆ ಕೊಡೋರಿಗೆ ನಾಚ್ಕೆ ಆಗುತ್ತೆ."

ನೋಡದೆ ತೆಗೆದುಕೊಳ್ಳುವುದಂತೆ! ಅಳತೆ ಇಲ್ಲದ ಕಡೆ ಕಳ್ಳತನ ಇದ್ದೇ ಇರುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಇವಳು ಎರಡು ಮೂಟೆ ತಂದು ಇಳಿಸಿದ್ದಾಳೆ ಅಂದರೆ ಅಲ್ಲಿ ಮೂರು ಸಿಕ್ಕಿರಬೇಕು. ಮೂರನೆಯದು ಎಲ್ಲಿ? ಪ್ರತಿ ಶನಿವಾರ ಮಧ್ಯಾಹ್ನ ದೀಪಿಕಾ ದೊಡ್ಡ ಚೀಲವೊಂದನ್ನು ಹೊತ್ತು ಕುಣಿಗಲ್ ಬಸ್ಸು ಹತ್ತುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆ ಚೀಲದಲ್ಲಿ ಏನಿದೆ ಎಂದು ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಕಳ್ಳಿ ಎಚ್ಚೆತ್ತುಕೊಳ್ಳುತ್ತಾಳಲ್ಲ ಎಂದು ಕೇಳಲಿಲ್ಲ, ಪುಣ್ಯಾತ್ಗಿತ್ತಿ.

ಮಂಡಿಗೆ ಎಣ್ಣೆ ಸವರಿಕೊಂಡು ತಾವೇ ಗುಬ್ಬಿಗೆ ಹೊರಟರು. ಮೊದಲು ಹೋದದ್ದು ವನಜಮ್ಮನ ಮನೆಗೆ. ಗಂಡನದು ಸೈಕಲ್ ಷಾಪು, ಮನೆಯಲ್ಲಿ ಆರು ಜನ ಉಣ್ಣುವವರು. ಆದರೂ ಒಂದು ತಿಂಗಳೂ ಡಬ್ಬ ಖಾಲಿ ಬಿಟ್ಟವಳಲ್ಲ.

"ಆ ಹುಡುಗಿ ನಿಮ್ಮನೆಯಿಂದ ಎಷ್ಟು ತಗಂಡೋದ್ಲು ವನಜಾ?"

"ಡಬ್ಬ ತುಂಬ ಇತ್ತು ಅಮ್ಮಾವ್ರೆ. ಯಾಕೆ?"

"ಸುಮ್ನೆ ಕೇಳ್ದೆ ಕಣೇ."

ಸರ್ವಮಂಗಳಮ್ಮನವರು ಸುಮ್ಮನೆ ಕೇಳುವವರಲ್ಲ ಅಂತ ಆ ಬೀದಿಯ ಕೈಗೂಸಿಗೂ ಗೊತ್ತು. ಏಳನೇ ಮನೆಯ ಹೊತ್ತಿಗೆ ಅವರ ನಾಲಿಗೆಯೂ ಸಡಿಲವಾಯಿತು. "ವಾರವಾರ ಚೀಲ ಹೊತ್ಕಂಡು ಕುಣಿಗಲ್ಲಿಗೆ ಹೋಗ್ತಾಳೆ. ಏನ್ ಹೊರ್ತಾಳೋ, ಆ ಶಿವನೇ ಬಲ್ಲ" ಎಂದುಬಿಟ್ಟರು. ನಲವತ್ತೆರಡನೇ ಮನೆಗೆ ಅವರು ಹೋಗಿ ಮುಟ್ಟುವ ಮುಂಚೆಯೇ ಆ ಮಾತು ಅಲ್ಲಿ ಹೋಗಿ ಕೂತಿತ್ತು. ಎಲ್ಲರೂ ಹೇಳಿದ್ದನ್ನು ಕೂಡಿದರೆ ಬಂದದ್ದು ಸರಿಯಾಗಿ ಎರಡೇ ಮೂಟೆ. ಎಲ್ಲೋ ನನ್ನ ಲೆಕ್ಕವೇ ತಪ್ಪಿರಬೇಕು ಎಂದುಕೊಳ್ಳುತ್ತಾ ವಾಪಸ್ ಬಸ್ಸು ಹತ್ತಿದರು.

ಮುಂದಿನ ತಿಂಗಳು ದೀಪಿಕಾ ಗುಬ್ಬಿಯಿಂದ ಬಂದಾಗ ಮೂಟೆಗಳಿರಲಿಲ್ಲ. ನಲವತ್ತೆರಡೂ ಡಬ್ಬಗಳನ್ನು ಹಗ್ಗದಲ್ಲಿ ಪೋಣಿಸಿ ಆಟೋದಲ್ಲಿ ತಂದು ಹಾಸ್ಟೆಲ್ ಜಗುಲಿಯ ಮೇಲೆ ಇಳಿಸಿದಳು. ಬೀದಿಗೆ ಬೀದಿಯೇ ಡಬ್ಬ ವಾಪಸ್ ಕೊಟ್ಟಿತ್ತು. ಆ ಹುಡುಗಿಯ ಕಣ್ಣು ಅತ್ತು ಅತ್ತು ಊದಿತ್ತು.

"ನನ್ನ ಮುಖ ನೋಡ್ತಿದ್ದಂಗೇ ಬಾಗಿಲು ಹಾಕ್ಕೊಂಡ್ರು ಅಮ್ಮ. ಕುಣಿಗಲ್ಲಿಗೆ ಏನ್ ಸಾಗಿಸ್ತಿದೀಯ ಅಂತ ಕೇಳಿದ್ರು." ಒಳಗೆ ಹೋಗಿ ಆ ಶನಿವಾರದ ಚೀಲ ತಂದು ನೆಲಕ್ಕೆ ಸುರಿದಳು. ಬರೀ ಖಾಲಿ ಡಬ್ಬಗಳು, ಹೊಸವು. "ಜೂನ್‌ಗೆ ಇನ್ನೂ ಹತ್ತು ಮಕ್ಕಳು ಬರ್ತಾರೆ. ಗುಬ್ಬಿ ರಾಗಿ ಸಾಲಲ್ಲ. ಅದಕ್ಕೆ ಕುಣಿಗಲ್ಲಲ್ಲೂ ಒಂದು ಬೀದಿಗೆ ಡಬ್ಬ ಹಂಚ್ತಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಆ ಬೀದಿಯವ್ರನ್ನೂ ಅನುಮಾನ ಪಡ್ತಿದ್ರಿ."

ಸರ್ವಮಂಗಳಮ್ಮನವರಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟಿಗಲ್ಲ, ಅವಮಾನಕ್ಕೆ. ಅಂದು ರಾತ್ರಿ ನಲವತ್ತು ಮಕ್ಕಳು ಮತ್ತೆ ಗಂಜಿ ಕುಡಿದರು. ಹಾಸ್ಟೆಲ್ಲಿನಲ್ಲಿ ಉಳಿದಿದ್ದದ್ದು ಆರು ದಿನಕ್ಕಾಗುವಷ್ಟು ನುಚ್ಚು ಮಾತ್ರ.

"ಬಿಟ್ಟು ಹೋಗ್ತೀಯೇನೇ?" ಮರುದಿನ ಬೆಳಿಗ್ಗೆ ಕೇಳಿದರು. ಆ ಪ್ರಶ್ನೆಯಲ್ಲಿ ಹೆದರಿಕೆ ಇತ್ತು.

"ಹೋಗಲ್ಲ. ಆದ್ರೆ ಗುಬ್ಬಿಗೆ ಒಬ್ಳೇ ಹೋಗಲ್ಲ. ನೀವು ಯಾವ ಯಾವ ಬಾಗಿಲಲ್ಲಿ ಕೇಳಿದ್ರೋ ಅಲ್ಲೆಲ್ಲ ನೀವೇ ಬಂದು ಹೇಳ್ಬೇಕು."

ಅಧ್ಯಕ್ಷೆಗೆ ಷರತ್ತು ಹಾಕುವಷ್ಟು ದೊಡ್ಡವಳಾದಳೇ ಇವಳು ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ ಎದ್ದು ಚಪ್ಪಲಿ ಮೆಟ್ಟಿಕೊಂಡರು. ದೀಪಿಕಾ ಡಬ್ಬಗಳ ಹಗ್ಗ ಎತ್ತಿಕೊಂಡಳು.

ಗುಬ್ಬಿಯಲ್ಲಿ ವನಜಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು, ಒಳಗೆ ಬನ್ನಿ ಅನ್ನಲಿಲ್ಲ. ಸರ್ವಮಂಗಳಮ್ಮನವರು ಹೊಸ್ತಿಲ ಹೊರಗೇ ನಿಂತು ಹೇಳಿದರು: "ತಪ್ಪು ನಂದು ವನಜಾ. ಈ ಹುಡುಗಿ ಒಂದು ಕಾಳೂ ಮುಟ್ಟಿಲ್ಲ. ನಾನೇ ಇಲ್ಲದ್ದು ಹುಟ್ಟಿಸ್ದೆ."

ವನಜಮ್ಮ ಅವರನ್ನೇ ನೋಡಿದಳು. "ಹನ್ನೆರಡು ವರ್ಷ ಡಬ್ಬಕ್ಕೆ ಬೆರಳು ಹಾಕಿ ನೋಡ್ತಿದ್ರಲ್ಲ ಅಮ್ಮಾವ್ರೆ, ನಮ್ಮನ್ನೂ ಹಿಂಗೇ ಅಂದ್ಕಂಡಿದ್ರಾ?"

ಇಲ್ಲ ಅನ್ನಬಹುದಿತ್ತು. ಬಾಯಿಗೆ ಬಂದದ್ದು ನಿಜ. "ಹೂಂ ಕಣವ್ವ. ಅಂದ್ಕಂಡಿದ್ದೆ."

ವನಜಮ್ಮ ದೀಪಿಕಾಳ ಕೈಯಿಂದ ಡಬ್ಬ ಇಸ್ಕೊಂಡು ಒಳಗೆ ಹೋದಳು. ಸರ್ವಮಂಗಳಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು, ಮಂಡಿ ಹಿಡಿದುಕೊಂಡು, ಪಕ್ಕದ ಮನೆಯ ಮೆಟ್ಟಿಲು ಹತ್ತಿದರು. ಇನ್ನೂ ನಲವತ್ತೊಂದು ಬಾಗಿಲುಗಳಿದ್ದವು.