ಯಾವ ಪಿಕಪ್ಪನ್ನೂ ಒಪ್ಪದ ಹಾರ್ಲನ್

ಅಮೆರಿಕದ ವಯೋಮಿಂಗ್‌ನ ಕ್ಯಾಸ್ಪರ್ ಊರಿನಲ್ಲಿ, ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಪ್ರವಾಸದ ಟ್ರೇಲರ್ ಮಾರುವ ಹಾರ್ಲನ್ ವೆಗ್ನರ್, ಗಿರಾಕಿಯನ್ನು ಮಾತಾಡಿಸುವ ಮೊದಲು ಅವನ ಪಿಕಪ್ಪಿನ ಹಿಂಭಾಗಕ್ಕೆ ಒಂದು ಸುತ್ತು ಬರುತ್ತಾನೆ. "ಎಳೆಯೋದೇನು, ಕತ್ತೆನೂ ಎಳೆಯುತ್ತೆ. ಇಳಿಜಾರಲ್ಲಿ ನಿಲ್ಸೋದ್ಯಾರು, ನಿಮ್ಮಪ್ಪನಾ?" ಎಂಬುದೇ ಅವನ ಸ್ವಾಗತ. ಹೆಂಡತಿ, ಮಕ್ಕಳು, ನಾಯಿ, ನೀರು ಎಲ್ಲವನ್ನೂ ತೂಕಕ್ಕೆ ಸೇರಿಸಿ, ಅತ್ತೆಯೂ ಬರುವುದುಂಟೇ ಎಂದು ಕೇಳಿ, ಉಂಟೆಂದರೆ ಇನ್ನೂ ಚಿಕ್ಕ ಟ್ರೇಲರ್ ತೋರಿಸುತ್ತಾನೆ. ಅರ್ಧ ಜನ ಬೈದುಕೊಂಡು ಬರಿಗೈಲಿ ಹೋಗುತ್ತಾರೆ. ಜೀವಂತ ಹೋದರಲ್ಲ ಎಂದು ಅವನಿಗೆ ಸಮಾಧಾನ. ಅವನ ಹೆಂಡತಿ ಆರ್ಡಿತ್‌ಗೆ ಸಮುದ್ರ ನೋಡುವ ಆಸೆಯಿತ್ತು. "ನಮ್ಮಿಬ್ಬರಿಗೆ ಚಿಕ್ಕದೇ ಸಾಕಲ್ಲ ಹಾರ್ಲನ್" ಎಂದಾಗಲೆಲ್ಲ ಅವನು, "ಈ ಗಾಡಿ ಸಾಲದು, ತಡಿ" ಎನ್ನುತ್ತಿದ್ದ. ಕೊನೆಗೆ ಮನಸ್ಸಿಗೊಪ್ಪುವ ಪಿಕಪ್ ಕೊಳ್ಳುವ ಹೊತ್ತಿಗೆ ಅವಳ ಕಾಯಿಲೆ ಬಲಿತಿತ್ತು. ಆದರೂ ಟ್ರೇಲರ್ ಕಟ್ಟಿ, ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಅವಳು ಟೋಪಿ ಸರಿಮಾಡಿಕೊಂಡು, "ಹೊರಡೋಣ್ವಾ?" ಎಂದಳು. ಹಾರ್ಲನ್ ಕೊಂಡಿಯನ್ನು ಮತ್ತೊಮ್ಮೆ ಜಗ್ಗಿ, ಬಯಲ ಕಡೆ ನೋಡಿ, "ಇವತ್ತು ಗಾಳಿ ಜಾಸ್ತಿ ಇದೆ, ಟ್ರೇಲರ್ ಮಗುಚಿಬಿಡುತ್ತೆ, ನಾಳೆ ಹೋಗೋಣ" ಎಂದ. ಮರುದಿನ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಆರ್ಡಿತ್ ಹಾಸಿಗೆಯಿಂದ ಏಳಲೂ ಇಲ್ಲ, ಆಮೇಲೆ ಎಂದೂ ಏಳಲಿಲ್ಲ. ಈಗಲೂ ಗಾಳಿಯ ದಿನ ಯಾರಾದರೂ "ನಾಳೆ ಹೊರಡ್ತೀವಿ" ಎಂದರೆ ಹಾರ್ಲನ್ "ಅದೇ ಸರಿ" ಎನ್ನುತ್ತಾನೆ. ಆಮೇಲೆ ತನ್ನ ಪಿಕಪ್ಪಿನ ಮುಂದಿನ ಸೀಟಿನ ಕಡೆ ಒಮ್ಮೆ ನೋಡುತ್ತಾನೆ.