ಊಟವಿಲ್ಲದ ಕರೆ

ಎರಡು ಲೀಟರ್ ನೀರಿಗೆ ಆ ಪುಡಿ ಸುರಿದು ಕದಡಿದ್ದೇ ತಡ, ಅಡುಗೆಮನೆಯೆಲ್ಲ ಅದೇ ಹಳೇ ವಾಸನೆ. ನಿಂಬೆಹಣ್ಣಿನದಂತೆ! ಯಾವ ನಿಂಬೆಹಣ್ಣು ಹೀಗೆ ನಾರುತ್ತದೆ? ಕರುಳು ತೊಳೆಯುವ ಔಷಧಿ ಅದು, ಕುಡಿದವರಿಗೇ ಗೊತ್ತು. ಈ ಸಲ ಅದು ನನಗಲ್ಲ, ಹನ್ನೆರಡು ತುಂಬಿದ ನನ್ನ ಮಗಳಿಗೆ. ಲೋಟಕ್ಕೆ ಬಗ್ಗಿಸುವಾಗ ದೊಡ್ಡಮ್ಮ ನೆನಪಾದಳು... ನನ್ನ ಅಮ್ಮನ ಅಕ್ಕ.

ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿದುಕೊಂಡಿದ್ದಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬಾಯಿ ಮಾತ್ರ ಅವಳ ಕತ್ತರಿಗಿಂತ ಹರಿತ. ನಾನೂ ಕಡಿಮೆಯವಳಲ್ಲ, ಹಾಗಾಗಿ ನಮ್ಮಿಬ್ಬರಿಗೆ ಜಗಳ ತಪ್ಪಿದ ದಿನವೇ ಕಡಿಮೆ.

ಅಮ್ಮನ ತವರಿನವರದು ಒಂದೇ ಮಾತು, ನಮ್ಮದು ಉಷ್ಣದ ಮೈ ಅಂತ. ಹೊಟ್ಟೆ ನುಲಿದರೂ ಉಷ್ಣ, ಮಲದಲ್ಲಿ ರಕ್ತ ಹೋದರೂ ಉಷ್ಣ. ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜ ನೆನೆಸಿದ ನೀರು ಕುಡಿದು ಸುಮ್ಮನಾಗುತ್ತಿದ್ದರು. ಅಜ್ಜಿ ಹೀಗೇ ಹೋದಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮನೂ ಹೀಗೇ ಹೋದಳು. ನಲವತ್ತೈದು ದಾಟುವುದೇ ಕಷ್ಟವಾಗಿದ್ದ ಮನೆಯಲ್ಲಿ ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ? ಈಗಲೂ ನೆನೆದರೆ ಮೈ ಉರಿಯುತ್ತದೆ.

ದೊಡ್ಡಮ್ಮನೂ ಎರಡು ವರ್ಷ ಎಳನೀರು ಕುಡಿದಳು. ಕೊನೆಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಕ್ಯಾಮೆರಾ ಬಿಟ್ಟು ನೋಡಿದರೆ ದೊಡ್ಡ ಕರುಳಿನ ತುಂಬ ದುರ್ಮಾಂಸದ ಗಂಟುಗಳು, ನೂರಾರು. ಅದರಲ್ಲೊಂದು ಆಗಲೇ ಕ್ಯಾನ್ಸರಿಗೆ ತಿರುಗಿತ್ತು. ನಿಮ್ಮ ತಾಯಿ ಹೇಗೆ ಹೋದರು, ತಂಗಿ ಹೇಗೆ ಹೋದರು ಎಂದು ಡಾಕ್ಟರು ಕೇಳಿದರಂತೆ. ಉಷ್ಣ ಎನ್ನಲು ಬಾಯಿ ತೆರೆದವಳು, ಇಬ್ಬರೂ ಹೀಗೇ ಹೋದರು ಎಂದಳಂತೆ. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ, ಎಲ್ಲರಿಗೂ ಬರಬೇಕೆಂದಿಲ್ಲ, ಆದರೆ ಒಡಹುಟ್ಟಿದವರು, ಅವರ ಮಕ್ಕಳು ಎಲ್ಲರೂ ನೋಡಿಸಿಕೊಳ್ಳಬೇಕು, ಗಂಟು ಕೆಡುವ ಮೊದಲೇ ಸಿಕ್ಕರೆ ಜೀವ ಉಳಿಯುತ್ತದೆ ಎಂದರಂತೆ.

ನನಗಾಗ ಹತ್ತೊಂಬತ್ತು. ಗಂಡಿನವರು ನೋಡಲು ಬರುವವರಿದ್ದರು. ಅಪ್ಪ ದೊಡ್ಡಮ್ಮನಿಗೆ ಕೈಮುಗಿದು, ಅವತ್ತೊಂದು ದಿನ ಬಾಯಿ ಬಿಡಬೇಡಿ ಎಂದು ಕೇಳಿಕೊಂಡಿದ್ದರು. ಅವಳು ಬಂದಳು, ಉಪ್ಪಿಟ್ಟು ಹಂಚಿದಳು. ಗಂಡಿನ ತಾಯಿ ನನ್ನನ್ನು ಮೆಚ್ಚಿ ಮಾತಾಡಿದ್ದೇ ದೊಡ್ಡಮ್ಮ ತಟ್ಟೆ ಕೆಳಗಿಟ್ಟಳು.

“ಹುಡುಗಿ ತಾಯಿ ಕರುಳಿನ ಕಾಯಿಲೇಲಿ ಹೋದ್ಲು ರೀ. ಇವಳಿಗೂ ಇರಬಹುದು. ನಾವು ನೋಡಿಸ್ತೀವಿ, ಆಮೇಲೆ ಬನ್ನಿ.”

ಅವರು ಮತ್ತೆ ಬರಲಿಲ್ಲ. ನಿನಗೆ ಮಕ್ಕಳಿಲ್ಲ, ಅದಕ್ಕೇ ನಮ್ಮ ಮೇಲೆ ಹೊಟ್ಟೆಕಿಚ್ಚು ಎಂದುಬಿಟ್ಟೆ ನಾನು. ಯಾರ ಮಾತನ್ನೂ ಹಾಗೇ ಬಿಡದವಳು ಅವತ್ತು ಚಪ್ಪಲಿ ಮೆಟ್ಟಿ ಹೊರಟುಹೋದಳು.

ತಿಂಗಳ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಕುಂಕುಮದ ಭರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನಮ್ಮ ಕಡೆ ಎಷ್ಟೇ ಜಗಳವಿರಲಿ, ಹೊಸ್ತಿಲಿಗೆ ಬಂದು ಕುಂಕುಮ ಕೊಟ್ಟು ಕರೆದರೆ ಇಲ್ಲ ಎನ್ನುವಂತಿಲ್ಲ. ಅದನ್ನೇ ಹಿಡಿದಿದ್ದಳು ಪುಣ್ಯಾತ್ಗಿತ್ತಿ. ಅಂಜನಾಪುರದ ಚಿಕ್ಕಮ್ಮನ ಮನೆ, ಚಂದ್ರಗುತ್ತಿಯ ಸೋದರಮಾವನ ಮನೆ, ಎಲ್ಲ ಮುಗಿಸಿ ಬಂದಿದ್ದಳು. ನಡುವೆ ಆಪರೇಷನ್ ಆಗಿತ್ತು, ಹೊಟ್ಟೆಯ ಹೊಲಿಗೆ ಇನ್ನೂ ಸರಿಯಾಗಿ ಮಾಗಿರಲಿಲ್ಲ. ಗಂಡ ಸತ್ತವಳು ಕುಂಕುಮ ಹಿಡಿದು ಊರೂರು ತಿರುಗುತ್ತಾಳೆಂದು ಜನ ಆಗಲೇ ಆಡಿಕೊಳ್ಳುತ್ತಿದ್ದರು. ಅಪ್ಪನೂ ಅದನ್ನೇ ಎತ್ತಿದರು.

“ಮದ್ವೆಗಾದ್ರೆ ನಾನು ಕರೀಬಾರ್ದು ರೀ. ಇದು ಆಸ್ಪತ್ರೆಗೆ. ಇದಕ್ಕೆ ಯಾವ ಶಾಸ್ತ್ರ ಅಡ್ಡ ಬರುತ್ತೆ?” ಎಂದು ಸೀದಾ ನನ್ನ ಹತ್ತಿರ ಬಂದು ಹಣೆಗೆ ಕುಂಕುಮ ಇಟ್ಟಳು. “ಬುಧವಾರ. ಊಟ ಇಲ್ಲ, ಉಪವಾಸ ಬರಬೇಕು. ಬರ್ಲೇಬೇಕು.”

ಮುಖ ಊದಿಸಿಕೊಂಡೇ ಹೋದೆ. ಶಿವಮೊಗ್ಗದ ಬಸ್ಸಿನಲ್ಲಿ, ಎಲ್ಲರ ಹತ್ತಿರ ಬೈಸಿಕೊಂಡು ನಿನಗ್ಯಾಕೆ ಇದೆಲ್ಲ ಎಂದು ಕೇಳಿದೆ. ಕಿಟಕಿಯಾಚೆ ನೋಡುತ್ತಾ ಹೇಳಿದಳು: “ನನ್ನನ್ನ ಯಾರೂ ಕರೀಲಿಲ್ಲ ಕಣೆ.”

ಚಿಕ್ಕಮ್ಮನ ಕರುಳಲ್ಲಿ ಏನೂ ಇರಲಿಲ್ಲ. ನನ್ನದರಲ್ಲಿ ದೊಡ್ಡಮ್ಮನದರ ಹಾಗೆಯೇ ಗಂಟುಗಳು, ಆದರೆ ಒಂದೂ ಕೆಟ್ಟಿರಲಿಲ್ಲ. ದೊಡ್ಡದನ್ನೆಲ್ಲ ಅಲ್ಲೇ ತೆಗೆದು, ವರ್ಷವರ್ಷ ಬನ್ನಿ ಎಂದರು. ಗಂಟುಗಳು ಹೆಚ್ಚುತ್ತಲೇ ಹೋದವು, ಕೆಲವು ವರ್ಷದ ಮೇಲೆ ದೊಡ್ಡ ಕರುಳನ್ನೇ ತೆಗೆಸಿಕೊಂಡೆ. ಉಳಿದ ತುದಿಯನ್ನು ಈಗಲೂ ವರ್ಷಕ್ಕೊಮ್ಮೆ ನೋಡುತ್ತಾರೆ. ಕುಂಕುಮ ತೆಗೆದುಕೊಂಡೂ ಬಾರದ ಸೋದರಮಾವ ಎಳನೀರು ಕುಡಿಯುತ್ತಲೇ ಹೋದ.

ದೊಡ್ಡಮ್ಮ ನನ್ನ ಎರಡನೇ ತಪಾಸಣೆಗೆ ಇರಲಿಲ್ಲ. ಕಾಯಿಲೆ ಲಿವರಿಗೆ ಹತ್ತಿತ್ತು. ಕೊನೆಯ ದಿನಗಳಲ್ಲಿ ತಪ್ಪಾಯ್ತು ಎನ್ನಲು ಹೋಗಿ ಹಾಸಿಗೆ ಹತ್ತಿರ ಕೂತೆ. ಅವಳು ನನ್ನ ಬ್ಲೌಸಿನ ತೋಳು ಹಿಡಿದು, ಬಿಗಿಯಾಗಿದೆ, ಮೈ ತುಂಬಿಕೊಂಡಿದ್ದೀಯ ಎಂದಳು.

ಆಮೇಲೆ ನನ್ನನ್ನು ನೋಡಲು ಬಂದ ಪ್ರತಿ ಗಂಡಿಗೂ ಉಪ್ಪಿಟ್ಟಿಗಿಂತ ಮೊದಲು ಈ ವಿಷಯವನ್ನೇ ಬಡಿಸಿದೆ. ಮೂವರು ಎದ್ದು ಹೋದರು. ನಾಲ್ಕನೆಯವರು ಕೂತು, ಉಪ್ಪಿಟ್ಟು ಕೇಳಿದರು. ಅವರ ಜೊತೆಗೇ ಸೊರಬಕ್ಕೆ ಬಂದೆ.

ಮಗಳಿಗೂ ಈ ಕಾಯಿಲೆ ಇಳಿದಿದೆ ಎಂದು ರಕ್ತಪರೀಕ್ಷೆಯಲ್ಲಿ ಬಂದಾಗ ಅತ್ತೆಯವರು, ಹೆಣ್ಣುಮಗು, ಯಾರಿಗೂ ಹೇಳಬೇಡ ಎಂದರು. ಇಡೀ ಕೇರಿಗೆ ಹೇಳಿದೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಇವತ್ತು ಬೆಳಿಗ್ಗೆ ದೊಡ್ಡಮ್ಮ ಬಿಟ್ಟುಹೋದ ಅದೇ ಭರಣಿ ತೆಗೆದು ಅವಳ ಹಣೆಗೆ ಕುಂಕುಮ ಇಟ್ಟು, ನಾಳೆ ಉಪವಾಸ ಬರಬೇಕು ಎಂದೆ. ಮನೆಯಲ್ಲೇ ಇರುವವಳನ್ನು ಯಾರಾದರೂ ಕರೆಯುತ್ತಾರೇನಮ್ಮ ಎಂದು ನಕ್ಕಳು.

ಈಗ ಮೂಗು ಹಿಡಿದುಕೊಂಡು ಎರಡನೇ ಲೋಟ ಕುಡಿಯುತ್ತಿದ್ದಾಳೆ. ಭರಣಿ ಅವಳ ಪಕ್ಕದಲ್ಲೇ ಇದೆ. ದೊಡ್ಡಮ್ಮನಿಗೂ ಒಂದು ಕಾಲದಲ್ಲಿ ಹನ್ನೆರಡು ವರ್ಷ ಆಗಿತ್ತಲ್ಲ... ಆಗ ಅವಳ ಹೊಸ್ತಿಲಿಗೆ ಒಬ್ಬರೂ ಬರಲಿಲ್ಲ.